ಇದಕ್ಕೆ ಬೀಗ ಅಂತ ಹೆಸರಾ ಮಾರಾಯ್ರೇ?

ಹದಿನೈದು ಸಾವಿರದ ಗೇರ್ ಸೈಕಲ್ ಮಾರಿ, ಅದರ ಹ್ಯಾಂಡಲಿಗೆ ನೂರೈವತ್ತು ರೂಪಾಯಿಯ ವೈರ್ ಲಾಕ್ ಸುತ್ತಿ "ಇದು ಫ್ರೀ" ಅಂತ ನಗುವ ಅಂಗಡಿಯವರೇ, ಅದು ಯಾರನ್ನು ಹೆದರಿಸಲಿಕ್ಕೆ? ಬೀಗ ಅನ್ನಿ, ಪೂಟು ಅನ್ನಿ, ಎರಡು ಹೆಸರೂ ಅದಕ್ಕೆ ಸಲ್ಲದು.

ಹೊರಗಿಂದ ಹೆಬ್ಬೆರಳಿನಷ್ಟು ದಪ್ಪ. ಪ್ಲಾಸ್ಟಿಕ್ ಸಿಪ್ಪೆ ಸುಲಿದು ನೋಡಿ, ಒಳಗೆ ಪೆನ್ಸಿಲಿನಷ್ಟೂ ಇಲ್ಲದ ತಂತಿಯ ಹುರಿ. ಬಾಗಲಿ ಅಂತ ಎಳೆಗಳನ್ನು ಸಪೂರ ಮಾಡಿರುತ್ತಾರೆ. ವಯರಿಂಗಿನವರ ಕಟಿಂಗ್ ಪ್ಲೇಯರ್ ಸಾಕು, ನಾಲ್ಕು ಸಲ ಕಚ್ಚಿದರೆ ಮುಗಿಯಿತು. ನಂಬರಿನದ್ದಾದರೆ "10,000 ಜೋಡಣೆ ಉಂಟು" ಅಂತ ಜಂಬ ಬೇರೆ. ಅಗ್ಗದ ನಂಬರ್ ಲಾಕನ್ನು ಎಳೆದು ಹಿಡಿದು ಒಂದೊಂದೇ ಅಂಕಿ ತಿರುಗಿಸಿದರೆ, ಸರಿಯಾದಲ್ಲಿ ಅದೇ ಬೆರಳಿಗೆ ಹೇಳಿಕೊಡುತ್ತದೆ.

ಹಿಂದಿನ ಚಕ್ರದ ರಿಂಗ್ ಲಾಕ್ ಒಂದನ್ನೇ ನಂಬುವವರಿಗೆ: ಗೂಡ್ಸ್ ಆಟೋಕ್ಕೆ ಎತ್ತಿ ಹಾಕುವ ಸೈಕಲಿನ ಚಕ್ರ ತಿರುಗಬೇಕೆಂದಿಲ್ಲ.

ಬೇಕಾದದ್ದು ಯು-ಲಾಕ್, ಅಂದರೆ U ಆಕಾರಕ್ಕೆ ಬಗ್ಗಿಸಿದ ಸರಳು, ಅದರ ಬಾಯಿ ಮುಚ್ಚಲಿಕ್ಕೆ ಒಂದು ಅಡ್ಡಪಟ್ಟಿ. ಹದ ಕೊಟ್ಟ ಉಕ್ಕಿನದ್ದು, ಸರಳು 13 ಮಿ.ಮೀ.ಗೆ ಕಡಿಮೆ ಬೇಡ. ಎರಡೂ ಕಾಲು ಅಡ್ಡಪಟ್ಟಿಯೊಳಗೆ ಕಚ್ಚಬೇಕು. ಒಂದೇ ಕಾಲು ಕಚ್ಚುವುದಾದರೆ ಒಂದು ಕಡೆ ಕೊಯ್ದು ತಿರುಚಿ ಬಿಡಿಸಬಹುದು. ಬ್ಯಾಟರಿ ಗ್ರೈಂಡರಿನ ಎದುರು ಇದೂ ಹೆಚ್ಚು ಹೊತ್ತು ನಿಲ್ಲದು, ಖರೆ. ಆದರೆ ಆ ಸದ್ದಿಗೆ ನಾಲ್ಕು ಜನ ತಿರುಗಿಯಾದರೂ ನೋಡಿಯಾರು.

ಇನ್ನು ನಮ್ಮವರ ಕಟ್ಟುವ ಚಂದ! ಕುಂಬಳೆಯಿಂದ, ಮಂಜೇಶ್ವರದಿಂದ ಬೆಳಗ್ಗೆ ಮಂಗಳೂರು ಟ್ರೈನಿಗೆ ಓಡುವ ಅವಸರದಲ್ಲಿ ಮುಂದಿನ ಚಕ್ರವೊಂದಕ್ಕೆ ಸುತ್ತಿ ಹೋಗುವುದು. ಲಿವರ್ ತಿರುಗಿಸಿ ತೆಗೆಯುವ ಚಕ್ರವಾದರೆ ಸಂಜೆಗೆ ಬೀಗವೂ ಉಂಟು, ಚಕ್ರವೂ ಉಂಟು, ಸೈಕಲ್ ಮಾತ್ರ ಇಲ್ಲ. ಹಿಂದಿನ ಚಕ್ರದ ರಿಮ್ಮು, ಸೀಟಿನ ಕೆಳಗಿನ ಪೈಪು, ಕಂಬ, ಮೂರೂ ಯು-ಲಾಕಿನ ಒಂದೇ ಬಳೆಯೊಳಗೆ ಬರಬೇಕು. ಬಳೆಯೊಳಗೆ ಸಲಾಕೆ ತೂರಿಸುವಷ್ಟು ಜಾಗ ಉಳಿಯಬಾರದು. ಬೀಗ ನೆಲಕ್ಕೆ ತಾಗಿಕೊಂಡಿರಬಾರದು, ಕಟ್ಟರಿನ ಒಂದು ಹಿಡಿಯನ್ನು ನೆಲಕ್ಕೆ ಊರಿ ಇನ್ನೊಂದನ್ನು ತುಳಿಯಲಿಕ್ಕೆ ಅದೇ ಅನುಕೂಲ.

ಆದರೆ ಕಂಬ ಎಲ್ಲಿ? ಬೈಕು, ಕಾರಿಗೆ ಗೆರೆ ಎಳೆದು ಹಣ ವಸೂಲು ಮಾಡುವವರಿಗೆ ಸೈಕಲಿಗೆ ಮೊಣಕಾಲೆತ್ತರದ ನಾಲ್ಕು ಕಬ್ಬಿಣದ ಬಳೆ ಹುಗಿಯಲಿಕ್ಕೆ ಆಗುವುದಿಲ್ಲ! ಬೋರ್ಡಿನ ಕಂಬಕ್ಕೆ ಕಟ್ಟಿದರೆ ಮೇಲಿಂದ ಎತ್ತಿ ತೆಗೆಯುತ್ತಾರೆ, ಬೇಲಿಯ ತಂತಿ ಬೀಗಕ್ಕಿಂತ ಮೊದಲು ತುಂಡಾಗುತ್ತದೆ.

ಮೇಲಿಂದ ನಮ್ಮ ಮಳೆ, ಉಪ್ಪುಗಾಳಿ. ಬೀಗ ಬಿಗಿಯಾದ ಕೂಡಲೇ ತೆಂಗಿನೆಣ್ಣೆ ಬಿಡುವ ಮಹಾನುಭಾವರೇ, ಆ ಎಣ್ಣೆ ಧೂಳು ಹಿಡಿದು ಒಳಗೆ ಅಂಟಾಗುತ್ತದೆ. ಆಮೇಲೆ ಒತ್ತಿ ತಿರುಗಿಸಿದರೆ ಕೀ ಮುರಿಯುತ್ತದೆ. ಒಣಗಿದ ಬೀಗಕ್ಕೆ ಗ್ರಾಫೈಟ್ ಪುಡಿ ಹಾಕಿ, ಕೀ ತೂತು ಕೆಳಮುಖವಾಗಿರಲಿ.

ಮತ್ತೆ, ಇವತ್ತೇ ಸೈಕಲನ್ನು ಮಗುಚಿ ಹಾಕಿ. ಪೆಡಲಿನ ಅಚ್ಚು ಹಾದುಹೋಗುವ ಪೈಪಿನ ಅಡಿಯಲ್ಲಿ ಸಾಮಾನ್ಯವಾಗಿ ಫ್ರೇಮ್ ನಂಬರ್ ಕೊರೆದಿರುತ್ತದೆ. ಫೋಟೋ ತೆಗೆದು ಬಿಲ್ಲಿನ ಜೊತೆ ಇಡಿ. ಕಂಪ್ಲೇಂಟಿನಲ್ಲಿ ಬರೀ "ಕಪ್ಪು ಗೇರ್ ಸೈಕಲ್" ಅಂತ ಬರೆದರೆ, ಅಂಥವು ಪೊಲೀಸ್ ಸ್ಟೇಷನಿನ ಅಂಗಳದಲ್ಲೇ ಮೂರು ತುಕ್ಕು ಹಿಡಿಯುತ್ತಿರುತ್ತವೆ.