ಬಳ್ಳಾರಿಯ ಜೀನ್ಸ್ ವಾಷಿಂಗ್ ಯೂನಿಟ್‌ಗಳಿಗೆ ಬೀಗ ಹಾಕುವ ಮುನ್ನ

ಹೊಲಿದ ಜೀನ್ಸ್ ಪ್ಯಾಂಟ್‌ಗಳನ್ನು ಒಗೆದು ಬಣ್ಣ ಮಾಸಿಸುವ ಬಳ್ಳಾರಿಯ ವಾಷಿಂಗ್ ಯೂನಿಟ್‌ಗಳ ಮಾತು ಬಂದಾಗಲೆಲ್ಲ ಜಗಳ ಎರಡೇ ಕಡೆ ನಿಲ್ಲುತ್ತದೆ. ನೀಲಿ ನೀರು ಹಳ್ಳಕ್ಕೆ ಬಿಡುವವರನ್ನು ಮುಚ್ಚಿಸಿ ಅನ್ನುವವರು ಒಂದು ಕಡೆ, ಬಡವರ ಹೊಟ್ಟೆ ಮೇಲೆ ಹೊಡೀಬೇಡಿ ಅನ್ನುವವರು ಇನ್ನೊಂದು ಕಡೆ. ಆ ನೀರನ್ನು ಶುದ್ಧ ಮಾಡುವ ಕೆಲಸ ಸಣ್ಣ ಯೂನಿಟ್‌ನ ಕೈಗೆ ಯಾಕೆ ನಿಲುಕುತ್ತಿಲ್ಲ ಅಂತ ಯಾರೂ ಬಿಡಿಸಿ ಹೇಳುವುದಿಲ್ಲ.

ಜವಳಿ ಘಟಕಗಳಿಗೆ 2016ರಲ್ಲಿ ಬಂದ ಮಾನದಂಡದಂತೆ ಹೊರಬಿಡುವ ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) 6.5ರಿಂದ 8.5ರ ಒಳಗಿರಬೇಕು. ಲೀಟರಿಗೆ ಬಿಒಡಿ (ಕೊಳೆ ತಿನ್ನಲು ಬ್ಯಾಕ್ಟೀರಿಯಾಗೆ ಬೇಕಾಗುವ ಆಮ್ಲಜನಕ) 30 ಮಿಲಿಗ್ರಾಂ, ಸಿಒಡಿ (ಕೊಳೆಯನ್ನು ರಾಸಾಯನಿಕದಿಂದ ಕರಗಿಸಲು ಬೇಕಾಗುವ ಆಮ್ಲಜನಕ) 250, ಟಿಡಿಎಸ್ (ನೀರಲ್ಲಿ ಕರಗಿದ ಉಪ್ಪು ಮುಂತಾದವು) 2100 ದಾಟಬಾರದು. ಈ ಮಿತಿ ಸರಿಯಾಗಿಯೇ ಇದೆ. ಸಡಿಲಿಸಿ ಅಂತ ನಾನು ಕೇಳುವುದಿಲ್ಲ. ಕೊಳವೆಬಾವಿಯ ನೀರು ಕುಡಿಯುವವರೂ ಇದೇ ಊರಿನವರು.

ಮೊದಲ ಹಂತಗಳು ಕಷ್ಟವಲ್ಲ. ಜಾಲರಿಯಲ್ಲಿ ನೂಲಿನ ಜುಂಗು, ಬಟ್ಟೆ ಮಾಸಿಸಲು ಹಾಕುವ ಪ್ಯೂಮಿಸ್ ಕಲ್ಲಿನ ಪುಡಿ ಹಿಡಿಯಬೇಕು. ಒಂದು ದೊಡ್ಡ ತೊಟ್ಟಿಯಲ್ಲಿ ಇಡೀ ದಿನದ ನೀರು ಕಲೆಸಿ, ಸುಣ್ಣ ಮತ್ತು ಫೆರಸ್ ಸಲ್ಫೇಟ್ ಹಾಕಿದರೆ ಬಣ್ಣ ಗಸಿಯಾಗಿ ತಳಕ್ಕೆ ಕೂರುತ್ತದೆ. ಆಮೇಲೆ ಗಾಳಿ ಊದುವ ತೊಟ್ಟಿ. ಇಲ್ಲಿ ಉಳಿದ ಕೊಳೆ ತಿನ್ನುವ ಕೆಲಸ ಮಾಡುವುದು ಬ್ಯಾಕ್ಟೀರಿಯಾ. ಸಣ್ಣ ಯೂನಿಟ್ ಎಡವುವುದೂ ಇಲ್ಲೇ. ಬ್ಲೀಚ್ ಮಾಡಿದ ಒಂದು ಲೋಡಿನ ನೀರು ಬ್ಲೀಚಿನ ಕಸುವು ತೆಗೆಯುವ ಮೆಟಾಬೈಸಲ್ಫೈಟ್‌ನಿಂದ ಶಮನವಾಗದೆ ನೇರ ಬಂದರೆ ಬ್ಯಾಕ್ಟೀರಿಯಾ ಸಾಯುತ್ತವೆ. ಕರೆಂಟ್ ಹೋಗಿ ಬ್ಲೋಯರ್ ಬಹಳ ಹೊತ್ತು ನಿಂತರೂ ಅದೇ ಗತಿ. ಮತ್ತೆ ಬೆಳೆಸಲು ವಾರಗಳೇ ಬೇಕು, ಆದರೆ ಬೇರೆಯವರಿಗೆ ಕೂಲಿಗೆ ಮಾಡಿಕೊಡುವ ಜಾಬ್ ವರ್ಕ್ ಕಾಯುವುದಿಲ್ಲ. ದೊಡ್ಡ ಕಾರ್ಖಾನೆಯಲ್ಲಿ ಹತ್ತಾರು ಮೆಷಿನ್‌ಗಳ ನೀರು ಬೆರೆತು ಆ ಹೊಡೆತ ತಾನೇ ತಗ್ಗುತ್ತದೆ. ಜನರೇಟರ್, ಲ್ಯಾಬ್, ರಾತ್ರಿ ಪಾಳಿಯ ಆಪರೇಟರ್ ಎಲ್ಲ ಅಲ್ಲಿ ಇರುತ್ತಾರೆ.

ನಿಜವಾದ ಗಂಟು ಟಿಡಿಎಸ್. ಬ್ಲೀಚ್, ಅದನ್ನು ಶಮನ ಮಾಡುವ ರಾಸಾಯನಿಕ, ಎಲ್ಲವೂ ನೀರಿಗೆ ಉಪ್ಪು ಸೇರಿಸುತ್ತವೆ. ಬ್ಯಾಕ್ಟೀರಿಯಾ ಉಪ್ಪು ತಿನ್ನುವುದಿಲ್ಲ. ಉಪ್ಪು ಸೋಸುವ ಆರ್‌ಒ ಯಂತ್ರ ಹಾಕಲೇಬೇಕು. ಆರ್‌ಒ ಬಿಟ್ಟ ಗಟ್ಟಿ ಉಪ್ಪುನೀರನ್ನು ಆವಿಯಾಗಿಸಲು ಇವ್ಯಾಪರೇಟರ್, ಅದಕ್ಕೆ ಬಾಯ್ಲರ್ ಹಬೆ. ಯೂನಿಟ್ ಹತ್ತನೇ ಒಂದರಷ್ಟು ಚಿಕ್ಕದಿದ್ದರೂ ಇದರ ಖರ್ಚು ಹತ್ತನೇ ಒಂದಕ್ಕೆ ಇಳಿಯುವುದಿಲ್ಲ. ಒಂದು ಪ್ಯಾಂಟ್‌ಗೆ ಇಷ್ಟು ಅಂತ ಸಿಗುವ ವಾಷಿಂಗ್ ದರದಲ್ಲಿ ಈ ಖರ್ಚು ಹುಟ್ಟುವುದೂ ಇಲ್ಲ. ಕಾಗದಪತ್ರವೂ ಹಾಗೇ: 1974ರ ಜಲ ಕಾಯ್ದೆಯಡಿ ಸ್ಥಾಪನೆಗೊಂದು, ನಡೆಸಲಿಕ್ಕೊಂದು ಕನ್ಸೆಂಟ್ (ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ), ಗಸಿಗೆ ಅಪಾಯಕಾರಿ ತ್ಯಾಜ್ಯದ ಅನುಮತಿ ಬೇರೆ. ಸಣ್ಣ ಯೂನಿಟ್‌ನಲ್ಲಿ ಇದನ್ನೆಲ್ಲ ಹೊತ್ತು ತಿರುಗುವವನು ಮಾಲೀಕನೇ, ಅವನು ಹೊರಟ ದಿನ ಕೆಲಸ ನಿಂತಂತೆ.

ಹಾಗಾಗಿ ಸಾಮೂಹಿಕ ಶುದ್ಧೀಕರಣ ಘಟಕ ಬಿಟ್ಟರೆ ದಾರಿ ಇಲ್ಲ. ಆದರೆ ತೊಟ್ಟಿ ಕಟ್ಟಿ ಉದ್ಘಾಟಿಸಿದರೆ ಮುಗಿಯಲಿಲ್ಲ. ಜಾಲರಿ, ಬ್ಲೀಚ್ ಶಮನ ಎರಡೂ ಪ್ರತಿ ಯೂನಿಟ್‌ನಲ್ಲೇ ಆಗಬೇಕು. ಒಬ್ಬ ತಪ್ಪಿದರೆ ಎಲ್ಲರ ಬ್ಯಾಕ್ಟೀರಿಯಾ ಹೋಗುತ್ತವೆ. ಪೈಪ್ ಕೂಡುವ ಜಾಗದಲ್ಲಿ ಪ್ರತಿಯೊಬ್ಬರಿಗೂ ಮೀಟರ್, ನೀರಿನ ಮಾದರಿ ತೆಗೆಯಲು ಒಂದು ಗುಂಡಿ ಬೇಕು. ಆರ್‌ಒ, ಇವ್ಯಾಪರೇಟರ್ ಮೊದಲ ದಿನದ ಅಂದಾಜಿನಲ್ಲೇ ಇರಬೇಕು, ಎರಡನೇ ಹಂತಕ್ಕೆ ದೂಡಬಾರದು. ಬಿಲ್ ನೀರಿನ ಅಳತೆ, ಟಿಡಿಎಸ್ ಎರಡನ್ನೂ ನೋಡಿ ಬರಲಿ. ಈ ಘಟಕ ಚಾಲೂ ಆಗುವ ತಾರೀಕನ್ನು ಸರ್ಕಾರ ಲಿಖಿತವಾಗಿ ಕೊಡಲಿ, ಯೂನಿಟ್‌ಗಳನ್ನು ಮುಚ್ಚುವ ನೋಟಿಸಿನ ಗಡುವನ್ನು ಅದಕ್ಕೇ ಜೋಡಿಸಲಿ.