ಬಿದ್ದದ್ದೋ, ಕೆಡವಿದ್ದೋ

‘ಬೀಳು’ ಬಹಳ ಸಾಧು ಕ್ರಿಯಾಪದ. ಯಾರ ಮೇಲೂ ಚಾಡಿ ಹೇಳುವುದಿಲ್ಲ. ಮಳೆ ಬಿತ್ತು, ಗೋಡೆ ಬಿತ್ತು, ಕನಸು ಬಿತ್ತು ಎಂದರೆ ಮಾತು ಮುಗಿಯಿತು. ‘ಕೆಡವು’ ಹಾಗಲ್ಲ, ಅದು ಬಾಯಿಗೆ ಬಂದೊಡನೆ ‘ಯಾರು?’ ಎಂಬ ಪ್ರಶ್ನೆಯೂ ಬೆನ್ನಿಗೇ ಬರುತ್ತದೆ.

ಹಳಗನ್ನಡದಲ್ಲಿ ಬೀಳುವುದಕ್ಕೆ ‘ಕೆಡೆ’ ಎಂಬ ಮಾತೂ ಇತ್ತು. ಅದರ ಪ್ರೇರಣಾರ್ಥಕವಾದ ‘ಕೆಡಪು’, ಪಕಾರವು ಹಕಾರವಾಗಿ ‘ಕೆಡಹು’ ಆಯಿತು, ಮುಂದೆ ‘ಕೆಡವು’ ಆಯಿತು. ಕುಸ್ತಿಯ ಕಣದಲ್ಲಿ ಗೆದ್ದವನ ಹೆಸರಷ್ಟೇ ಉಳಿಯುವಂತೆ, ತಾನಾಗಿ ಬೀಳುವವನ ‘ಕೆಡೆ’ ಬಳಕೆ ತಪ್ಪಿ, ಇನ್ನೊಬ್ಬನನ್ನು ಬೀಳಿಸುವವನ ‘ಕೆಡವು’ ಮಾತ್ರ ಇಂದಿಗೂ ಗಟ್ಟಿಯಾಗಿದೆ.

ಬೀದರಿನಲ್ಲಿ 1472ರಲ್ಲಿ ಮುಗಿದ, ಬಹಮನಿ ಮಂತ್ರಿ ಮಹಮೂದ್ ಗವಾನನ ಮದರಸಾಕ್ಕೆ ಇದ್ದ ಎರಡು ಮಿನಾರುಗಳಲ್ಲಿ ಒಂದು ಈಗಿಲ್ಲ. ಒಳಗೆ ಕೂಡಿಟ್ಟಿದ್ದ ಮದ್ದು 1696ರಲ್ಲಿ ಸಿಡಿದು ಕಟ್ಟಡದ ಒಂದು ಪಾಲೇ ಹಾಳಾಯಿತು. ‘ಮಿನಾರು ಬಿದ್ದದ’ ಎಂದು ತೋರಿಸುವವರ ವಾಕ್ಯದೊಳಗೆ, ಪಾಠಶಾಲೆಯಲ್ಲಿ ಮದ್ದು ತಂದಿಟ್ಟವರು ಸುಳಿಯುವುದೇ ಇಲ್ಲ.

2019ರ ಜುಲೈ 23ರಂದು ರಾಜ್ಯದ ಕಾಂಗ್ರೆಸ್–ಜೆಡಿಎಸ್ ಮೈತ್ರಿ ಸರ್ಕಾರವು 99–105 ಮತಗಳಿಂದ ವಿಶ್ವಾಸಮತ ಸೋತಾಗ, ಕಲಬುರಗಿಯ ಚಹಾದಂಗಡಿಗಳಲ್ಲಿ ವ್ಯಾಕರಣವೇ ಪಕ್ಷ ಹಿಡಿಯಿತು. ಕಳೆದುಕೊಂಡವರ ಕಡೆಯವರು ‘ಕೆಡವಿದ್ರು’ ಎಂದರೆ, ಎದುರಿನವರು ‘ಅದೇ ಬಿತ್ತು ಬಿಡ್ರಿ’ ಎನ್ನುತ್ತಿದ್ದರು. ಇಂಥ ಹೊತ್ತಿನಲ್ಲಿ ಪತ್ರಿಕೆಗಳ ತಲೆಬರಹಕ್ಕೆ ‘ಪತನ’ ಎಂಬ ಸಂಸ್ಕೃತದ ಮರೆಯಾದರೂ ಸಿಗುತ್ತದೆ.

ಆದರೆ ಈ ಸಾಧು ಕ್ರಿಯಾಪದದೊಡನೆ ನನ್ನ ನಿಜವಾದ ತಕರಾರು ಇರುವುದು ತೊಗರಿಯ ವಿಷಯದಲ್ಲಿ. ನಮ್ಮ ಕಡೆ ‘ಎಕರೆಗೆ ಎಷ್ಟು ಬಿತ್ರಿ?’ ಎಂದರೆ ಬೀಜ, ಗೊಬ್ಬರ, ಔಷಧಿ, ಕೂಲಿ ಸೇರಿ ತಗುಲಿದ ಖರ್ಚೆಷ್ಟು ಎಂದರ್ಥ; ರಾಶಿಯಾಗಿ ಚೀಲಗಳು ಬಜಾರಿಗೆ ಬಂದ ಮೇಲೆ ‘ಭಾವ ಬಿದ್ದದ’ ಎಂದರೆ ಬೆಲೆ ಇಳಿದು ಕೈಗೆ ಬರುವುದು ಕಡಿಮೆಯಾಯಿತೆಂದರ್ಥ. ಖರ್ಚು ಬೀಳುವುದು ರೈತನ ಮೇಲೆ, ಭಾವ ಬೀಳುವುದು ಅವನ ಕೈಯಿಂದ ಕೆಳಕ್ಕೆ. ಎರಡಕ್ಕೂ ಒಂದೇ ಕ್ರಿಯಾಪದ, ಎರಡರಲ್ಲೂ ಮಾಡಿದವನು ಕಾಣುವುದಿಲ್ಲ. ರೇಗಿದವರು ಮಾತ್ರ ‘ಬಿದ್ದಿಲ್ರಿ, ಬೀಳ್ಸ್ಯಾರ’ ಎಂದು ಪ್ರತ್ಯಯವೊಂದನ್ನು ಸೇರಿಸಿ ಕರ್ತೃವನ್ನು ಹುಡುಕಲು ಹೊರಡುತ್ತಾರೆ. ದಲಾಲಿ ಪಡೆದು ಮಾಲು ಮಾರಿಸುವ ಅಡತಿ ಅಂಗಡಿಯವರು ಆ ಪ್ರತ್ಯಯವನ್ನು ಒಪ್ಪುವುದಿಲ್ಲ. ಮ್ಯಾನ್ಮಾರಿನಿಂದ, ಮೊಜಾಂಬಿಕ್‌ನಿಂದ ಮಾಲು ಬಂದಿತು, ಅದಕ್ಕೇ ತಾನಾಗಿಯೇ ಬಿತ್ತು ಎನ್ನುತ್ತಾರೆ. ಆ ಮಾಲನ್ನು ತರಿಸಿದವರು ಯಾರೆಂದು ಕೇಳಿದರೆ, ಅದೂ ‘ಬಂದದ’ ಅಷ್ಟೆ.