ಎರಡು ಸಂಪಿನ ಮನೆ

ನಮ್ಮ ಮನೆಯಲ್ಲಿ ಎರಡು ಸಂಪ್ ಇವೆ. ಒಂದು ಗೇಟಿನ ಹತ್ತಿರ, ನೆಲದೊಳಗೆ. ಕಾವೇರಿ ನೀರು ಬಂದು ಬೀಳುವುದು ಅದಕ್ಕೆ. ಇನ್ನೊಂದು ಹಾಲ್‌ನ ಮೀನಿನ ತೊಟ್ಟಿಯ ಕೆಳಗೆ, ಮರದ ಬೀರುವಿನೊಳಗೆ. ತೊಟ್ಟಿಯ ನೀರು ಇಳಿದು ಬಂದು, ಸೋಸಿಕೊಂಡು ಮತ್ತೆ ಮೇಲೆ ಹೋಗುವ ಡಬ್ಬ. ಅದನ್ನೂ ಸಂಪ್ ಅಂತಲೇ ಕರೆಯುತ್ತಾರೆ. ಈ ಹೆಸರಿನಿಂದ ಇಷ್ಟು ರಾದ್ಧಾಂತ ಆಗುತ್ತದೆ ಅಂತ ಆಗ ಹೊಳೆದಿರಲಿಲ್ಲ.

ಮೂರಡಿ ಉದ್ದ, ಒಂದೂವರೆ ಅಡಿ ಅಗಲದ ತೊಟ್ಟಿ. ಕಲ್ಲು, ಮರಳು ಹಾಕಿದ ಮೇಲೆ ಸುಮಾರು 150 ಲೀಟರ್ ಉಪ್ಪುನೀರು ಹಿಡಿಯುತ್ತದೆ. ಎರಡು ಕ್ಲೌನ್ ಮೀನು, ಒಂದಷ್ಟು ಮೆತ್ತನೆಯ ಹವಳ. ಗಟ್ಟಿ ಹವಳದ ಆಸೆ ಬಿಟ್ಟಿದ್ದೇನೆ. ನಮ್ಮ ವನ್ಯಜೀವಿ ಕಾಯ್ದೆಯಲ್ಲಿ ಹುಲಿ ಇರುವ ಪಟ್ಟಿಯಲ್ಲೇ ಅದೂ ಇದೆ. ಹಾಲ್‌ನಲ್ಲಿ ಹುಲಿ ಸಾಕುವ ಧೈರ್ಯ ನನಗಿಲ್ಲ.

ಹವಳಕ್ಕೆ ಕಾಲಿಲ್ಲ. ಊಟ, ಆಮ್ಲಜನಕ ಎಲ್ಲವನ್ನೂ ನೀರೇ ಅದರ ಬಾಗಿಲಿಗೆ ತರಬೇಕು, ಕಸವನ್ನೂ ಅದೇ ಒಯ್ಯಬೇಕು. ಹಾಗಾಗಿ ತೊಟ್ಟಿಯೊಳಗೆ ನೀರು ಆಡಿಸಲು ಒಂದು ವೇವ್‌ಮೇಕರ್ ಬೇಕು, ಸಂಪಿನ ನೀರನ್ನು ಮೇಲೆತ್ತಲು ಒಂದು ರಿಟರ್ನ್ ಪಂಪ್ ಬೇಕು. ನಾನು ಎರಡರಲ್ಲೂ ಎಡವಿದೆ.

ಮೆತ್ತನೆಯ ಹವಳಕ್ಕೆ ಗಂಟೆಗೆ ತೊಟ್ಟಿಯ ನೀರಿನ 10ರಿಂದ 20 ಪಟ್ಟು ಓಡಾಡಿದರೆ ಸಾಕು. ಅಂದರೆ 3,000 ಲೀಟರಿನ ವೇವ್‌ಮೇಕರ್ ಧಾರಾಳ. ನಾನು 12,000ದ್ದು ತಂದೆ. ‘ದೊಡ್ಡದೇ ತಗೊಳ್ಳಿ ಸಾರ್, ಮುಂದಕ್ಕೂ ಬರತ್ತೆ’ ಅಂದ ಅಂಗಡಿಯವನು. ಎರಡು ಸೈಜ್ ದೊಡ್ಡ ಯೂನಿಫಾರ್ಮ್ ಹಾಕಿಕೊಂಡು ಬೆಳೆದವನು ನಾನು. ಮಾತು ನೇರ ಒಳಗಿಳಿಯಿತು.

ಸ್ವಿಚ್ ಹಾಕಿದೆ. ಮರಳೆಲ್ಲ ಎದ್ದು ಎಡಗಡೆಗೆ ಹೋಗಿ ಗುಡ್ಡ ಆಯಿತು. ಒಂದು ಮಶ್ರೂಮ್ ಹವಳ ಕಲ್ಲು ಬಿಟ್ಟು ಹಾರಿತು. ಮೀನುಗಳು ಮೂಲೆಯಲ್ಲಿ, ಮಳೆಗೆ ಬಸ್‌ಸ್ಟ್ಯಾಂಡ್ ಸೇರಿದವರ ಹಾಗೆ ಅಂಟಿಕೊಂಡು ನಿಂತವು. ಅಮ್ಮ ಇಣುಕಿ ನೋಡಿ, ‘ಏನೋ ಇದು, ದೋಸೆಗೆ ರುಬ್ತಿದ್ದೀಯಾ?’ ಅಂದಳು. ವೇಗ ಕಡಿಮೆ ಮಾಡೋಣ ಅಂದರೆ ಅದು ಎಸಿ ಪಂಪ್, ರೆಗ್ಯುಲೇಟರ್ ಇಲ್ಲದ ಫ್ಯಾನ್ ಇದ್ದ ಹಾಗೆ. ಕಂಟ್ರೋಲರ್ ಇರುವುದು ಡಿಸಿ ಪಂಪಿಗೆ, ಅದಕ್ಕೆ ದುಡ್ಡು ಜಾಸ್ತಿ. ಕೊನೆಗೆ ಅದನ್ನೇ ತಂದೆ. ಅಂದರೆ ಉಳಿಸಲು ಹೋಗಿ ಎರಡು ಪಂಪ್ ಕೊಂಡೆ.

ರಿಟರ್ನ್ ಪಂಪಿನಲ್ಲಿ ಇದು ಉಲ್ಟಾ ಆಯಿತು. ಡಬ್ಬದ ಮೇಲೆ 2,000 ಲೀಟರ್ ಅಂತಿತ್ತು. ಅದು ನೀರನ್ನು ಒಂದಡಿಯೂ ಎತ್ತದಿದ್ದಾಗಿನ ಲೆಕ್ಕ, ಸ್ಕೂಟರ್ ಜಾಹೀರಾತಿನ ಮೈಲೇಜ್ ಥರ. ನಾಲ್ಕಡಿ ಮೇಲೇರಿ ಮೂರು ಎಲ್ಬೋ ತಿರುಗಿ ಬರುವಷ್ಟರಲ್ಲಿ ಅದು ಬೇಸಿಗೆಯ ನಲ್ಲಿ ಆಗಿತ್ತು. ಅದನ್ನೂ ಬದಲಾಯಿಸಿದೆ. ಹೊಸದು ಜೋರಾಗಿ ಸುರಿದು ಸದ್ದು ಮಾಡುತ್ತಿತ್ತು. ನಾನು ಬುದ್ಧಿವಂತಿಕೆಯಿಂದ ಪೈಪಿನ ಬಾಯನ್ನು ತೊಟ್ಟಿಯೊಳಗೆ ನಾಲ್ಕಿಂಚು ಮುಳುಗಿಸಿದೆ. ಸದ್ದು ನಿಂತಿತು.

ಆವತ್ತು ರಾತ್ರಿ ಕರೆಂಟ್ ಹೋಯಿತು.

ಪಂಪ್ ನಿಂತರೆ ನೀರು ಸುಮ್ನೆ ಇರುವುದಿಲ್ಲ. ಹತ್ತಿದ ಪೈಪಿನಲ್ಲೇ ಸೈಫನ್ ಆಗಿ ವಾಪಸ್ ಇಳಿಯುತ್ತದೆ, ಪೈಪಿನ ಬಾಯಿಗೆ ಗಾಳಿ ಸಿಗುವ ತನಕ. ನಮ್ಮ ತೊಟ್ಟಿಯಲ್ಲಿ ನಾಲ್ಕಿಂಚು ಅಂದರೆ ಹತ್ತಿರ ಹತ್ತಿರ 40 ಲೀಟರ್. ಕೆಳಗೆ ಜಾಗ ಇದ್ದದ್ದು ಅದರ ಅರ್ಧಕ್ಕೆ. ಕತ್ತಲಲ್ಲಿ ಕಾಲಿಗೆ ತಣ್ಣಗೆ ತಾಗಿದಾಗ ಕಿರುಚಿದೆ, ‘ಅಮ್ಮಾ, ಸಂಪ್ ತುಂಬಿ ಹರೀತಿದೆ!’

ಅಮ್ಮ ಟಾರ್ಚ್ ಹಿಡಿದು ಗೇಟಿನ ಕಡೆ ಓಡಿದಳು. ಸಂಪಿನ ಮುಚ್ಚಳ ತೆಗೆದು ನೋಡಿ, ಉಸಿರುಬಿಡುತ್ತಾ ಬಂದಳು. ‘ಅರ್ಧನೂ ಇಲ್ವಲ್ಲೋ! ಎಲ್ಲೋ ಹರೀತಿರೋದು?’ ಅಷ್ಟರಲ್ಲಿ ಅವಳ ಕಾಲೂ ಒದ್ದೆ. ಬೆಳಗ್ಗೆ ಹೊತ್ತಿಗೆ ನೆಲದ ಮೇಲೆಲ್ಲ ಬಿಳಿ ರಂಗೋಲಿ. ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಮುಕ್ಕಾಲು ಕೆಜಿ ಹತ್ತಿರ ಉಪ್ಪು. ಉಪ್ಪು ತುಳಿಯಬಾರದು ಅಂತ ಅಮ್ಮ ಎರಡು ದಿನ ಗೋಡೆ ಹಿಡಿದುಕೊಂಡು ಓಡಾಡಿದಳು.

ಈಗ ಪೈಪಿಗೆ ನೀರಿನ ಮಟ್ಟದಿಂದ ಸ್ವಲ್ಪವೇ ಕೆಳಗೆ ಸಣ್ಣ ತೂತು ಕೊರೆದಿದ್ದೇನೆ. ನೀರು ಚೂರು ಇಳಿದ ಕೂಡಲೇ ಅಲ್ಲಿಂದ ಗಾಳಿ ನುಗ್ಗಿ ಸೈಫನ್ ಕಡಿಯುತ್ತದೆ. ಪಾಚಿ ಕಟ್ಟಿದರೆ ಕಥೆ ಮುಗಿಯಿತು, ಅದಕ್ಕೆ ಪ್ರತಿ ಭಾನುವಾರ ಪೊರಕೆ ಕಡ್ಡಿಯಿಂದ ಚುಚ್ಚಬೇಕು. ಅಮ್ಮನಿಗೂ ಕಲಿಸಿದ್ದೇನೆ.

ಮೊನ್ನೆ ಪಕ್ಕದ ಮನೆಯವರು ಕೂಗಿದರು, ‘ರೀ, ನಿಮ್ಮ ಸಂಪ್ ತುಂಬಿ ರೋಡಿಗೆ ಹರೀತಿದೆ!’

ಅಮ್ಮ ಪೊರಕೆ ಕಡ್ಡಿ ಹಿಡಿದು ಹಾಲ್‌ಗೆ ಓಡಿದಳು.